ನಗುತ್ತ ಬರೆದ ಕೊಲೆ

ಕಿತ್ತೂರಿನ ಪಾಠ ಮಾಡುವ ದಿನ ನನ್ನ ತರಗತಿಯಲ್ಲಿ ಯಾರೂ ಗೈರುಹಾಜರಿರುವುದಿಲ್ಲ. ನಮ್ಮ ಸೀಮೆಯ ಮಕ್ಕಳಿಗೆ ಅದು ಪಠ್ಯಪುಸ್ತಕದ ಪಾಠವಲ್ಲ, ಮನೆಯ ಕಥೆ. ಲಾವಣಿಯಲ್ಲಿ ಕೇಳಿದ್ದು, ಬಿ. ಸರೋಜಾದೇವಿಯವರ ಸಿನಿಮಾದಲ್ಲಿ ನೋಡಿದ್ದು, ಶಾಲೆಯ ಗ್ಯಾದರಿಂಗಿನಲ್ಲಿ ತಾವೇ ರಟ್ಟಿನ ಕತ್ತಿ ಹಿಡಿದು ಆಡಿದ್ದು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಕೋಟೆಯಿಂದ ಹೊರನುಗ್ಗಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ ನೆಲಕ್ಕುರುಳಿದ ಎನ್ನುವಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕೂಡುತ್ತಾರೆ. ಕೆಲವು ವರ್ಷಗಳ ಹಿಂದೆ ಅದೇ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು. ಶಾಲೆಯ ಲೈಬ್ರರಿಯ ಕಪಾಟನ್ನು ಇದ್ದಬದ್ದಷ್ಟು ಓದಿ ಮುಗಿಸುವ ಜಾತಿಯ ಹುಡುಗಿ.

“ಟೀಚರ್, ನಮ್ಮ ಲೈಬ್ರರಿಯೊಳಗ ‘ವ್ಯಾನಿಟಿ ಫೇರ್’ ಅಂತ ಒಂದು ಪುಸ್ತಕ ಅದರೀ. ಅದನ್ನ ಬರದಾವನ ಹೆಸರೂ ಥ್ಯಾಕರೆ ಅಂತ ಅದ. ಅವನ ಇವನೇನ್ರಿ?”

ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಪ್ರಶ್ನೆ ಅಷ್ಟು ದಡ್ಡತನದ್ದಲ್ಲ. ಕಿತ್ತೂರಿನಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಖಾಸಾ ಚಿಕ್ಕಪ್ಪ. ಆ ಮನೆತನವೇ ಕಂಪನಿ ಸರಕಾರದ ನೌಕರಿಯಲ್ಲಿ ಬೆಳೆದದ್ದು. ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ, ಕಲಕತ್ತೆಯಲ್ಲಿ. ನಾಲ್ಕು ವರ್ಷದವನಿದ್ದಾಗ ತಂದೆ ತೀರಿಕೊಂಡ, ಐದನೆಯ ವರ್ಷಕ್ಕೆ ಹುಡುಗನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ಚಿಕ್ಕಪ್ಪ ಕಿತ್ತೂರಿನಲ್ಲಿ ಸತ್ತಾಗ ಅವನಿಗೆ ಹದಿಮೂರು ವರ್ಷ. ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ.

ಇಷ್ಟನ್ನು ಹುಡುಗಿಗೆ ಹೇಳಿ ಕೂಡಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿ.ಎ.ಯಲ್ಲಿ ಪರೀಕ್ಷೆಗೆಂದು ಓದಿ ಮರೆತ ಥ್ಯಾಕರೆಯನ್ನು ಮತ್ತೆ ತೆಗೆದೆ. ನಾನು ಓದಿದ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ ಅವನ ಸಮಗ್ರ ಕೃತಿಗಳ ಹಳೆಯ ಸಂಪುಟಗಳಿದ್ದವು. ಹುಳು ತಿಂದು, ಬೆನ್ನು ಹರಿದು, ಯಾರೂ ಮುಟ್ಟದೆ. ಅದರಲ್ಲಿ ಒಂದರೊಳಗೆ ‘ಕ್ಯಾಥರೀನ್’ ಎಂಬ ಹೆಸರು ಕಂಡಿತು. ಹೆಣ್ಣಿನ ಹೆಸರಿದೆಯಲ್ಲ, ಸಂಸಾರದ ಕಥೆಯಿರಬೇಕೆಂದು ಮನೆಗೆ ತಂದೆ. ಅದು ಗಂಡನನ್ನು ಕೊಂದ ಹೆಂಡತಿಯ ಕಥೆ. ಅದಕ್ಕಿಂತ ಹೆಚ್ಚಿನದೆಂದರೆ, ನಗಿಸುವುದಕ್ಕೆಂದು ಬರೆದ ಕಥೆ.

ಆ ಪುಸ್ತಕ ಏಕೆ ಹುಟ್ಟಿತೆಂದು ತಿಳಿಯಲು ಆಗಿನ ಲಂಡನ್ನಿನ ಓದುಗರನ್ನು ನೋಡಬೇಕು. ನಮ್ಮವ್ವ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಅಡಿಗೆಮನೆಯ ನಾಗೊಂದಿಗೆಯ ಮೇಲೆ, ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟು ಓದುತ್ತಿದ್ದಳು. ಅಪ್ಪನಿಗೆ ಗೊತ್ತಾದರೆ ಬೈಗುಳ. ಹಾಗಾಗಿ ಕೊಲೆ, ದರೋಡೆಯ ಕಥೆಗಳ ಹುಚ್ಚು ನನಗೆ ಹೊಸದಲ್ಲ. ಆದರೆ ಪುರುಷೋತ್ತಮ ಕಳ್ಳನನ್ನು ಹಿಡಿಯುವವನು. 1830ರ ದಶಕದ ಇಂಗ್ಲೆಂಡಿನಲ್ಲಿ ಕಳ್ಳನೇ ನಾಯಕ. ನ್ಯೂಗೇಟ್ ಎಂಬ ಹೆಸರುವಾಸಿ ಜೈಲಿನ ದಾಖಲೆಗಳಿಂದ ಹಳೆಯ ಕಳ್ಳರನ್ನೂ ಕೊಲೆಗಾರರನ್ನೂ ಎತ್ತಿ ತಂದು ಕಾದಂಬರಿ ಬರೆಯುವುದು ಆಗಿನ ಪದ್ಧತಿ. ಬುಲ್ವರ್ ಲಿಟ್ಟನ್ 1832ರಲ್ಲಿ ಯೂಜೀನ್ ಆರಂ ಎಂಬ ವಿದ್ವಾಂಸ ಕೊಲೆಗಾರನನ್ನು ದುರಂತನಾಯಕನನ್ನಾಗಿ ಮಾಡಿದ. ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ಕೂಡ ಈ ಸಾಲಿಗೇ ಸೇರಿದ್ದೆಂದು ಹಲವರು ಬಗೆದರು. ಎಲ್ಲಕ್ಕೂ ಕಳಶವಿಟ್ಟಂತೆ 1839ರ ಜನವರಿಯಿಂದ ಏನ್ಸ್‌ವರ್ತ್ ಎಂಬವನು ‘ಜ್ಯಾಕ್ ಶೆಪರ್ಡ್’ ಧಾರಾವಾಹಿ ಶುರುಮಾಡಿದ. ಶೆಪರ್ಡ್ ನಿಜವಾಗಿ ಇದ್ದ ಕಳ್ಳ. ನಾಲ್ಕು ಸಲ ಸೆರೆಮನೆಯಿಂದ ತಪ್ಪಿಸಿಕೊಂಡು ಹೆಸರು ಮಾಡಿ, 1724ರಲ್ಲಿ ನೇಣಿಗೇರಿದವನು.

ಆ ಕಾದಂಬರಿಗೆ ಎದ್ದ ಹುಚ್ಚನ್ನು ಈಗಿನ ಸಿನಿಮಾದ ಹುಚ್ಚಿಗೆ ಹೋಲಿಸಬಹುದು. ಪುಸ್ತಕ ಮುಗಿಯುವ ಮೊದಲೇ ಲಂಡನ್ನಿನ ಹಲವು ನಾಟಕ ಮಂದಿರಗಳಲ್ಲಿ ಅದು ರಂಗಕ್ಕೆ ಬಂತು. ಓದು ಬರದವರೂ ಶೆಪರ್ಡನ ಹಾಡು ಗುನುಗತೊಡಗಿದರು. ಒಂದು ನಾಟಕ ಮಂದಿರದ ಮೊಗಸಾಲೆಯಲ್ಲಿ ‘ಶೆಪರ್ಡ್ ಚೀಲ’ಗಳನ್ನು ಮಾರುತ್ತಿದ್ದಾರೆ, ಅದರಲ್ಲಿ ಬೀಗ ತೆಗೆಯುವ ಸಲಕರಣೆ, ಸ್ಕ್ರೂಡ್ರೈವರ್, ಸಣ್ಣ ಹಾರೆ ಇರುತ್ತವೆ ಎಂದು ಥ್ಯಾಕರೆ ತನ್ನ ತಾಯಿಗೆ ಬರೆದ ಕಾಗದದಲ್ಲಿದೆ. ನಮ್ಮ ಜಾತ್ರೆಯಲ್ಲಿ ಹುಡುಗರು ಪೀಪಿ, ಬೊಂಬೆ ಕೊಳ್ಳುವಂತೆ ಅಲ್ಲಿ ಕನ್ನದ ಸಾಮಾನು!

ಥ್ಯಾಕರೆಗೆ ಆಗ ಇಪ್ಪತ್ತೇಳು ವರ್ಷ. ಹೆಸರಿಲ್ಲ, ಹಣವಿಲ್ಲ. ತಂದೆ ಬಿಟ್ಟುಹೋದ ದುಡ್ಡಿನಲ್ಲಿ ಒಂದಿಷ್ಟು ಜೂಜಿನಲ್ಲಿ ಹೋಯಿತು. ದೊಡ್ಡ ಪಾಲು 1833ರಲ್ಲಿ ಕಲಕತ್ತೆಯ ವ್ಯಾಪಾರಿ ಕೊಠಿಗಳು ದಿವಾಳಿ ಎದ್ದಾಗ ಮುಳುಗಿತು. ಮನೆಯಲ್ಲಿ ಎಳೆಯ ಹೆಂಡತಿ, ಮಾತು ಕಲಿಯುವ ಹಿರಿಮಗಳು. ಎಂಟು ತಿಂಗಳ ಎರಡನೆಯ ಮಗಳು 1839ರ ಮಾರ್ಚಿನಲ್ಲಿ ತೀರಿಕೊಂಡಳು. ಮೇ ತಿಂಗಳ ‘ಫ್ರೇಜರ್ಸ್ ಮ್ಯಾಗಜೀನ್’ನಲ್ಲಿ ‘ಕ್ಯಾಥರೀನ್’ನ ಮೊದಲ ಕಂತು ಬಂತು. ಮಗು ಸತ್ತ ಮನೆಯಲ್ಲಿ ಕುಳಿತು, ಪುಟಕ್ಕಿಷ್ಟು ಎಂದು ಸಿಗುವ ಹಣಕ್ಕಾಗಿ ಕೊಲೆಯ ಹಾಸ್ಯವನ್ನು ಬರೆದ ಕೈಯನ್ನು ನೆನೆದರೆ ನನಗೆ ಒಮ್ಮೊಮ್ಮೆ ಆ ಪುಸ್ತಕದ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಅವನ ಉದ್ದೇಶ ಓದುಗರಿಗೆ ಔಷಧಿ ಕುಡಿಸುವುದು. ನಿಮಗೆ ಕೊಲೆಗಾರರು ಬೇಕೆ? ತಗೊಳ್ಳಿ, ಒಳ್ಳೆಯ ಗುಣ ಒಂದೂ ಇಲ್ಲದ ಕೊಲೆಗಾರರನ್ನೇ ಕೊಡುತ್ತೇನೆ, ವಾಕರಿಕೆ ಬಂದು ಈ ಚಟ ಬಿಡಿ. ಹೀಗೆಂದು ಹೊರಟು ತನ್ನ ಹೆಸರನ್ನು ಮರೆಮಾಡಿ ‘ಐಕಿ ಸಾಲೊಮನ್ಸ್, ಜೂನಿಯರ್’ ಎಂದು ಹಾಕಿಕೊಂಡ. ಐಕಿ ಸಾಲೊಮನ್ಸ್ ಎಂದರೆ ಕಳವಿನ ಮಾಲು ಕೊಳ್ಳುವುದರಲ್ಲಿ ಲಂಡನ್ನಿಗೆಲ್ಲ ಪ್ರಸಿದ್ಧನಾಗಿ, ದ್ವೀಪಾಂತರ ಶಿಕ್ಷೆ ಉಂಡವನು. ಅಂಥವನ ಮಗ ಬರೆದ ಕಾದಂಬರಿ ಎಂಬ ಸೋಗು. ಕಥೆಗೆ ನ್ಯೂಗೇಟಿನ ದಾಖಲೆಗಳಲ್ಲೇ ಅತ್ಯಂತ ಅಸಹ್ಯದ್ದೆಂದು ಹೆಸರಾದ ಒಂದು ಪ್ರಕರಣವನ್ನು ಆರಿಸಿದ.

ಆ ಪ್ರಕರಣ ಇಷ್ಟು. 1726ರ ಮಾರ್ಚ್ ತಿಂಗಳ ಆರಂಭದಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ಒಬ್ಬ ಗಂಡಸಿನ ತಲೆ ಸಿಕ್ಕಿತು. ಯಾರದೆಂದು ಗೊತ್ತಿಲ್ಲ. ಅಧಿಕಾರಿಗಳು ಅದನ್ನು ತೊಳೆಸಿ, ಕೂದಲು ಬಾಚಿಸಿ, ವೆಸ್ಟ್‌ಮಿನ್‌ಸ್ಟರಿನ ಸೇಂಟ್ ಮಾರ್ಗರೆಟ್ ಚರ್ಚಿನ ಅಂಗಳದಲ್ಲಿ ಕಂಬದ ಮೇಲೆ ನಿಲ್ಲಿಸಿದರು, ಯಾರಾದರೂ ಗುರುತು ಹಿಡಿಯಲಿ ಎಂದು. ಜನ ಸಾಲುಗಟ್ಟಿ ಬಂದರು. ಕೆಡತೊಡಗಿದಾಗ ಮದ್ಯಸಾರ ತುಂಬಿದ ಗಾಜಿನ ಪಾತ್ರೆಗೆ ಹಾಕಿದರು. ಕೊನೆಗೆ ಅದು ಜಾನ್ ಹೇಸ್ ಎಂಬ ಲೇವಾದೇವಿಯವನ ತಲೆ ಎಂದು ಗೊತ್ತಾಯಿತು. ಅವನ ಹೆಂಡತಿ ಕ್ಯಾಥರೀನ್, ಮನೆಯಲ್ಲಿ ಬಾಡಿಗೆಗಿದ್ದ ಬಿಲ್ಲಿಂಗ್ಸ್ ಮತ್ತು ವುಡ್ ಎಂಬ ಇಬ್ಬರು ತರುಣರೊಂದಿಗೆ ಸೇರಿ, ಗಂಡನಿಗೆ ಪಂದ್ಯ ಕಟ್ಟಿ ಬಾಟಲಿಗಟ್ಟಲೆ ಮದ್ಯ ಕುಡಿಸಿ, ಮಲಗಿದ ಮೇಲೆ ಕೊಡಲಿಯಿಂದ ಹೊಡೆಸಿದ್ದಳು. ಗಂಡ ತನ್ನನ್ನು ಹಿಂಸಿಸುತ್ತಿದ್ದ, ಹುಟ್ಟಿದ ಮಕ್ಕಳನ್ನು ಕೊಂದ ಎಂದು ಅವಳು ಆ ಇಬ್ಬರಿಗೆ ಹೇಳಿದ್ದಳಂತೆ. ನಿಜವೋ ನೆಪವೋ, ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಇದನ್ನು ಹಾಸ್ಯ ಮಾಡುವುದು ಹೇಗೆ? ಥ್ಯಾಕರೆ ಮಾಡಿದ್ದಾನೆ. ಅವನ ಕ್ಯಾಥರೀನ್ ಹಳ್ಳಿಯ ಹೋಟೆಲಿನಲ್ಲಿ ಅತ್ತೆಯ ಕೈಕೆಳಗೆ ದುಡಿಯುವ ಚೆಲುವಿ. ಊರ ಗಂಡಸರೆಲ್ಲ ಅವಳನ್ನು ನೋಡಲೆಂದೇ ಅಲ್ಲಿ ಬಿಯರು ಕುಡಿಯುತ್ತಾರೆ. ಗಾಲ್ಗೆನ್‌ಸ್ಟೈನ್ ಎಂಬ ಜರ್ಮನ್ ಕೌಂಟ್ ಬರುತ್ತಾನೆ. ಆ ಹೆಸರಿನಲ್ಲೇ ಜರ್ಮನ್ ಭಾಷೆಯ ಗಲ್ಲುಮರ ಅಡಗಿದೆ. ಅವನು ಹುಡುಗಿಯನ್ನು ಹಾರಿಸಿಕೊಂಡು ಹೋಗಿ, ಮಗು ಕೊಟ್ಟು, ಬೇಸತ್ತು, ಹಣವಂತಳನ್ನು ಮದುವೆಯಾಗಲು ಹೊರಡುತ್ತಾನೆ. ಕ್ಯಾಥರೀನ್ ಅವನಿಗೆ ವಿಷ ಹಾಕುತ್ತಾಳೆ, ಅವನು ಸಾಯುವುದಿಲ್ಲ. ಆಮೇಲೆ ಜಿಪುಣ ಜಾನ್ ಹೇಸ್‌ನನ್ನು ಕಟ್ಟಿಕೊಳ್ಳುತ್ತಾಳೆ. ಹೊಸದಾಗಿ ಮದುವೆಯಾದ ಹೇಸ್‌ನನ್ನು ಬ್ರಾಕ್ ಎಂಬ ಕಾರ್ಪೊರಲ್ಲನೂ ಅವನ ಸಂಗಡಿಗರೂ ಸುಲಿಯುವ ಪ್ರಸಂಗವನ್ನು ಓದುವಾಗ ನಾನು ಎಷ್ಟು ನಕ್ಕೆನೆಂದರೆ, ಒಳಮನೆಯಿಂದ ಅತ್ತೆ “ಏನಾತ?” ಎಂದು ಕೇಳಿದರು. ಬ್ರಾಕ್ ಪರಮ ನೀಚ, ಆದರೆ ಅವನು ಪುಟದಲ್ಲಿ ಕಾಲಿಟ್ಟರೆ ಸಾಕು, ತುಟಿ ಅರಳುತ್ತದೆ. ವರ್ಷಗಳು ಕಳೆದು ಕೌಂಟ್ ಲಂಡನ್ನಿಗೆ ಮತ್ತೆ ಬರುತ್ತಾನೆ. ಕ್ಯಾಥರೀನಳಿಗೆ ಕೌಂಟನ ಹೆಂಡತಿ ಎನಿಸಿಕೊಳ್ಳುವ ಹಳೆಯ ಆಸೆ ಕೆದರುತ್ತದೆ, ಗಂಡ ಅಡ್ಡಿ. ಕೊಲೆಯಾದ ಮೇಲೆ ಇಬ್ಬರೂ ರಾತ್ರಿ ಚರ್ಚಿನ ಅಂಗಳದಲ್ಲಿ ಸೇರಿ ಸರಸದ ಮಾತಾಡುತ್ತಾರೆ. ಕೌಂಟ್ ತಲೆಯೆತ್ತಿ ನೋಡಿದರೆ ಕಂಬದ ಮೇಲೆ ಹೇಸ್‌ನ ತಲೆ. ಅವನಿಗೆ ಹುಚ್ಚು ಹಿಡಿಯುತ್ತದೆ.

ಓದುಗರು ಏನೆಂದರು? ಪತ್ರಿಕೆಗಳಲ್ಲಿ ಕೆಲವರು ಇದು ಅನೀತಿಯ, ಕೀಳು ಅಭಿರುಚಿಯ ಬರಹ ಎಂದು ಹಳಿದರು. ಥ್ಯಾಕರೆ ಕಂಗೆಟ್ಟಿರಬೇಕು. ತಾನು ಅನೀತಿಯ ವಿರುದ್ಧ ಬರೆದರೆ ತನ್ನನ್ನೇ ಅನೀತಿಯವನೆನ್ನುತ್ತಾರಲ್ಲ! ಕೊನೆಯ ಅಧ್ಯಾಯದಲ್ಲಿ ಅಂಥ ಟೀಕೆಗೆ ಉತ್ತರ ಕೊಡುತ್ತ, ಕಳ್ಳರ ಮೇಲೆ ಕನಿಕರ ಹುಟ್ಟಿಸುವವರು ತಾನಲ್ಲ, ಡಿಕನ್ಸ್ ಮತ್ತು ಏನ್ಸ್‌ವರ್ತ್ ಎಂದು ಬೆರಳು ತೋರಿಸಿದ. ಇನ್ನೊಂದು ಕಡೆ ಕಾರ್ಲೈಲ್‌ನಂಥ ದೊಡ್ಡವನು ಮೆಚ್ಚಿಕೊಂಡ. ಕಾರ್ಲೈಲ್ ಅದ್ಭುತ ಎನ್ನುತ್ತಾನೆ, ಇನ್ನೂ ಹಲವರು ಹೊಗಳುತ್ತಾರೆ, ಆದರೆ ವಸು ಮಾತ್ರ ಅಸಹ್ಯದ್ದೇ, ಬೇರೆ ಏನಾದರೂ ಆರಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂಬರ್ಥದಲ್ಲಿ ಅವನು ತಾಯಿಗೆ ಬರೆದ.

ಆ ತಾಯಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹುಡುಗಿಯಾಗಿದ್ದಾಗ ಅವಳು ಒಬ್ಬ ಸೈನ್ಯಾಧಿಕಾರಿಯನ್ನು ಪ್ರೀತಿಸಿದ್ದಳು. ಅಜ್ಜಿಗೆ ಒಪ್ಪಿಗೆಯಿರಲಿಲ್ಲ; ಅವನು ಜ್ವರದಿಂದ ಸತ್ತನೆಂದು ಸುಳ್ಳು ಹೇಳಿ ಮೊಮ್ಮಗಳನ್ನು ಇಂಡಿಯಾಕ್ಕೆ ಸಾಗಹಾಕಿದಳು. ಕಲಕತ್ತೆಯಲ್ಲಿ ಥ್ಯಾಕರೆಯ ತಂದೆಯೊಂದಿಗೆ ಮದುವೆಯಾಯಿತು. ಒಂದು ದಿನ ಗಂಡನೇ ಊಟಕ್ಕೆ ಕರೆತಂದ ಅತಿಥಿ ಯಾರೆಂದು ನೋಡಿದರೆ, ಸತ್ತನೆಂದುಕೊಂಡಿದ್ದ ಆ ಅಧಿಕಾರಿ! ಗಂಡ ತೀರಿಕೊಂಡ ಮೇಲೆ, 1817ರಲ್ಲಿ, ಅವಳು ಅವನನ್ನೇ ಮದುವೆಯಾದಳು. ಒಬ್ಬ ಹೆಣ್ಣಿನ ಬಾಳನ್ನು ಉಳಿದವರು ಹೇಗೆ ತಮಗೆ ಬೇಕಾದಂತೆ ತಿರುಗಿಸುತ್ತಾರೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮಗ ತನ್ನ ಕ್ಯಾಥರೀನಳ ಬಗ್ಗೆ ಗುಟ್ಟು ಬಿಟ್ಟುಕೊಟ್ಟದ್ದು ಇಂಥ ತಾಯಿಗೆ ಬರೆದ ಕಾಗದದಲ್ಲಿ. ಪುಸ್ತಕ ಮೊದಲಿನಿಂದಲೂ ತಪ್ಪಿತು, ಸಾಕಷ್ಟು ಅಸಹ್ಯವಾಗಿ ಬರಲಿಲ್ಲ, ಬರೆಯುತ್ತ ಬರೆಯುತ್ತ ನಾಯಕಿಯ ಮೇಲೆ ತನಗೇ ಒಳಗೊಳಗೆ ಅಕ್ಕರೆ ಹುಟ್ಟಿತು ಎಂಬುದು ಅವನ ತಪ್ಪೊಪ್ಪಿಗೆ.

ಔಷಧಿ ಅರೆಯುತ್ತಿದ್ದವನೇ ಅದಕ್ಕೆ ಬೆಲ್ಲ ಬೆರೆಸಿದ್ದ. ಓದುಗರನ್ನು ಏನೆಂದು ದೂರುವುದು?

ಸ್ಟಾಫ್ ರೂಮಿನಲ್ಲಿ ಬಿಡುವಿನ ವೇಳೆಯಲ್ಲಿ ನಾನು ಈ ಕಥೆ ಹೇಳಿದಾಗಲೂ ಆದದ್ದು ಅದೇ. ಗಣಿತದ ಟೀಚರು ಮುಖ ಸಿಂಡರಿಸಿ, “ಊಟದ ಡಬ್ಬಿ ಮುಂದಿಟಗೊಂಡು ಎಂಥಾ ಕಥೀರೀ ಇದು” ಎಂದು ಎದ್ದು ಹೋದರು. ಹಿಂದಿ ಟೀಚರಿಗೆ ತಲೆಯ ಗುರುತು ಹಿಡಿದವರು ಯಾರೆಂಬುದೇ ಮುಖ್ಯವಾಯಿತು. ವಿಜ್ಞಾನದವರು ಮದ್ಯಸಾರದಲ್ಲಿ ತಲೆ ಎಷ್ಟು ದಿನ ಕೆಡದೆ ಉಳಿದೀತೆಂದು ಲೆಕ್ಕ ಹಾಕಿದರು. ಕ್ರಾಫ್ಟ್ ಟೀಚರು ಮಾತ್ರ, “ಆ ಕೌಂಟಗ ಏನೂ ಶಿಕ್ಷಾ ಆಗಲಿಲ್ಲೇನ್ರಿ?” ಎಂದು ಕೇಳಿದರು.

ನಾನು ಮೊದಲು ಓದಿದ ಆ ಹಳೆಯ ಸಂಪುಟದಲ್ಲಿ ಕೊನೆಯ ಭಾಗ ಏಕೋ ದಿಢೀರನೆ ಮುಗಿದಂತಿತ್ತು. ಕಾರಣ ಆಮೇಲೆ ತಿಳಿಯಿತು. 1840ರ ಫೆಬ್ರವರಿಯ ಕೊನೆಯ ಕಂತಿನಲ್ಲಿ ಥ್ಯಾಕರೆ ತನ್ನ ಹಾಸ್ಯವನ್ನು ನಿಲ್ಲಿಸಿ, 1726ರ ಕೊಲೆ ಮತ್ತು ಶಿಕ್ಷೆಯ ವರದಿಗಳನ್ನು ಹಳೆಯ ಬರಹಗಳಿಂದ ಹಾಗೆಹಾಗೇ ಎತ್ತಿ ಅಂಟಿಸಿದ್ದ. ಅವನು ಸತ್ತ ಮೇಲೆ ಕೃತಿಗಳನ್ನು ಒಟ್ಟು ಮಾಡಿದವರಿಗೆ ಅದು ಸಭ್ಯ ಮನೆಗಳಲ್ಲಿ ಇಡತಕ್ಕದ್ದಲ್ಲವೆನಿಸಿ ಕತ್ತರಿಸಿದರು. ಕೊಲೆಯ ಹಾಸ್ಯ ಇರಬಹುದು, ಕೊಲೆಯ ವರದಿ ಇರಬಾರದು! ಪೂರ್ತಿ ಪಾಠವನ್ನು ನನ್ನ ಮಗಳು ಎಲ್ಲಿಂದಲೋ ಹುಡುಕಿ ತನ್ನ ಫೋನಿನಲ್ಲಿ ಓದಲು ಕೊಟ್ಟಳು.

ಅಲ್ಲಿ ನನ್ನ ನಗು ನಿಂತಿತು. ಕ್ಯಾಥರೀನ್ ಹೇಸ್‌ಗೆ ಆದದ್ದು ಗಲ್ಲುಶಿಕ್ಷೆಯಲ್ಲ. 1726ರ ಮೇ 9ರಂದು ಲಂಡನ್ನಿನ ಟೈಬರ್ನ್ ಎಂಬಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಉರಿ ತಾಗುವ ಮೊದಲೇ ಕೊರಳಿಗೆ ಹಗ್ಗ ಬಿಗಿದು ಜೀವ ತೆಗೆಯುವುದು ಅಂಥ ಶಿಕ್ಷೆಯಲ್ಲಿ ಒಂದು ದಯೆಯ ರೂಢಿ. ಅವಳ ಪಾಲಿಗೆ ಅದೂ ಇಲ್ಲವಾಯಿತು. ಬೆಂಕಿ ಬೇಗ ಹೊತ್ತಿ ಕೈ ಸುಟ್ಟುಕೊಂಡ ವಧಕಾರ ಹಗ್ಗ ಬಿಟ್ಟುಬಿಟ್ಟ. ಅವಳು ಜೀವಂತ ಉರಿದಳು. ಕೊಡಲಿ ಎತ್ತಿದ ಬಿಲ್ಲಿಂಗ್ಸ್‌ಗೆ ಗಲ್ಲು. ವುಡ್ ಜೈಲಿನಲ್ಲೇ ಜ್ವರ ಬಂದು ಸತ್ತ.

ರಾತ್ರಿ ಊಟ ಮಾಡುವಾಗ ಅತ್ತೆಯವರಿಗೆ ಇದನ್ನು ಹೇಳಿದೆ. ಅವರು ಆಗ ಎಂಬತ್ತು ದಾಟಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದರು: “ಆಕಿನ್ನ ಜೀವಂತ ಸುಟ್ರಾ? ಮತ್ತ ಗಂಡ ಹೇಣ್ತಿನ್ನ ಕಡದಿದ್ರ, ಅವನ್ನೂ ಸುಡತಿದ್ರೇನ?”

‘ಫ್ರೇಜರ್ಸ್’ ಓದುಗರ ಪ್ರತಿಕ್ರಿಯೆಗಳೆಂದು ನಾನು ಕಂಡದ್ದರಲ್ಲಿ ಎಲ್ಲಿಯೂ ಈ ಪ್ರಶ್ನೆ ಇರಲಿಲ್ಲ. ಉತ್ತರ, ಇಲ್ಲ. 1351ರಲ್ಲಿ ಮೂರನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ ಬಂದ ಕಾಯಿದೆಯ ಪ್ರಕಾರ ಆಳು ಧಣಿಯನ್ನು ಕೊಂದರೆ, ಹೆಂಡತಿ ಗಂಡನನ್ನು ಕೊಂದರೆ ಅದು ಬರೀ ಕೊಲೆಯಲ್ಲ, ಒಂದು ಬಗೆಯ ರಾಜದ್ರೋಹ. ರಾಜ ರಾಜ್ಯಕ್ಕೆ ಹೇಗೋ ಗಂಡ ಮನೆಗೆ ಹಾಗೆ ಎಂಬ ಲೆಕ್ಕ. ಆ ಅಪರಾಧಕ್ಕೆ ಗಂಡಸಾದರೆ ಎಳೆದೊಯ್ದು ಗಲ್ಲು, ಹೆಂಗಸಾದರೆ ಬೆಂಕಿ. ಗಂಡ ಹೆಂಡತಿಯನ್ನು ಕೊಂದರೆ ಅದು ಸಾಮಾನ್ಯ ಕೊಲೆ, ಸಾಮಾನ್ಯ ಗಲ್ಲು. ಹೆಂಗಸರನ್ನು ಸುಡುವ ಶಿಕ್ಷೆಯನ್ನು ಇಂಗ್ಲೆಂಡಿನಲ್ಲಿ ತೆಗೆದುಹಾಕಿದ್ದು 1790ರಲ್ಲಿ. ಗಂಡನ ಕೊಲೆಯನ್ನು ದ್ರೋಹದ ಪಟ್ಟಿಯಿಂದ ತೆಗೆದದ್ದು 1828ರಲ್ಲಿ.

ಈ ಕೊನೆಯ ಇಸವಿಯನ್ನು ಓದಿ ನಾನು ಸುಮ್ಮನೆ ಕುಳಿತೆ. ಪ್ರತಿ ವರ್ಷ ಮಕ್ಕಳಿಗೆ 1829ರ ಸತಿ ನಿಷೇಧದ ಪಾಠ ಮಾಡುತ್ತೇನೆ. ರಾಮಮೋಹನ ರಾಯರ ಹೋರಾಟ, ಬೆಂಟಿಂಕ್‌ನ ಕಾಯಿದೆ, ಎಲ್ಲ ಹೇಳುತ್ತೇನೆ, ಹೇಳಲೇಬೇಕು. ಸುಡುವವರು ಎಲ್ಲಿಯವರಾದರೂ ಸುಟ್ಟದ್ದು ಸುಟ್ಟದ್ದೇ, ಅವರದನ್ನು ತೋರಿಸಿ ನಮ್ಮದನ್ನು ಮುಚ್ಚಲಾಗದು. ಆದರೂ, ಆ ಬೆಂಟಿಂಕ್ ಹದಿಹರೆಯಕ್ಕೆ ಬರುವವರೆಗೆ ಅವನ ದೇಶದ ನ್ಯಾಯಾಧೀಶರು ಹೆಂಗಸರಿಗೆ ಬೆಂಕಿಯ ಶಿಕ್ಷೆ ವಿಧಿಸುತ್ತಿದ್ದರೆಂದು ನನ್ನ ಬಿ.ಇಡಿ. ತರಬೇತಿಯಲ್ಲಾಗಲಿ ಪಠ್ಯದಲ್ಲಾಗಲಿ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಾದದ್ದು ಒಂದು ಹಾಸ್ಯ ಕಾದಂಬರಿಯಿಂದ.

ಥ್ಯಾಕರೆಗೆ ಆ ಕಾಯಿದೆ ಗೊತ್ತಿತ್ತು, ವರದಿಯನ್ನು ಕೈಯಾರೆ ಅಂಟಿಸಿದವನೇ ಅವನು. ಆದರೂ ಅವನ ಗುರಿ ಏನ್ಸ್‌ವರ್ತ್, ಅವನ ಗುರಿ ಓದುಗರ ಕೆಟ್ಟ ರುಚಿ. ಕಂಬಕ್ಕೆ ಕಟ್ಟಿದ ಹೆಂಗಸು ಆ ಜಗಳದಲ್ಲಿ ಬರೀ ಕವಣೆಯ ಕಲ್ಲು. ಇದು ನನ್ನ ತಕರಾರು. ಜೀವಂತ ಉರಿದವಳನ್ನು ಇಟ್ಟುಕೊಂಡು ನಗಿಸಬಾರದೆಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಬ್ರಾಕ್‌ನನ್ನು ನೋಡಿ ನಕ್ಕ ನಾನೂ ತಪ್ಪಿತಸ್ಥಳೇ. ಆದರೆ ನಗಿಸುವವನು ಒಮ್ಮೆಯಾದರೂ ಬೆಂಕಿಯ ಕಡೆಗೆ ತಿರುಗಿ ನಿಲ್ಲಬೇಕಿತ್ತು. ಅವನು ವರದಿ ಅಂಟಿಸಿ ಪಕ್ಕಕ್ಕೆ ಸರಿದ.

ತಿರುಗಿ ನಿಲ್ಲುವ ಪ್ರಸಂಗ ಅವನಿಗೆ ಬೇಗನೆ ಬಂತು. ‘ಕ್ಯಾಥರೀನ್’ ಮುಗಿದು ಮೂರು ತಿಂಗಳಾಗಿತ್ತು. 1840ರ ಮೇ ತಿಂಗಳಲ್ಲಿ ಲಂಡನ್ನಿನ ಸಿರಿವಂತ ವೃದ್ಧ ಲಾರ್ಡ್ ವಿಲಿಯಂ ರಸೆಲ್‌ನನ್ನು ಅವನ ಮನೆಯ ಸ್ವಿಸ್ ಆಳು ಕೂರ್ವಾಸಿಯೆ ಕತ್ತು ಕೊಯ್ದು ಕೊಂದ. ‘ಜ್ಯಾಕ್ ಶೆಪರ್ಡ್’ ಓದಿ ತನಗೆ ಈ ಬುದ್ಧಿ ಬಂತೆಂದು ಅವನು ಹೇಳಿದನೆಂಬ ಸುದ್ದಿ ಹಬ್ಬಿತು. ಏನ್ಸ್‌ವರ್ತ್ ಪತ್ರಿಕೆಗೆ ಬರೆದು ಅಲ್ಲಗಳೆದ. ಆದರೂ ಊರಿಗೆ ಊರೇ ಕಾದಂಬರಿಯ ಮೇಲೆ ಬಿತ್ತು. ಶೆಪರ್ಡನ ಹೊಸ ನಾಟಕಗಳಿಗೆ ಪರವಾನಗಿ ಸಿಗುವುದು ನಿಂತಿತು. ಥ್ಯಾಕರೆ ಹೇಳಿದ್ದೇ ನಿಜವಾಯಿತಲ್ಲ ಎಂದು ಎದೆಯುಬ್ಬಿಸಿ ನಡೆಯಬಹುದಾಗಿದ್ದ ಕಾಲ ಅದು.

ಜುಲೈ 6ರ ಬೆಳಗ್ಗೆ ನ್ಯೂಗೇಟಿನ ಮುಂದೆ ಕೂರ್ವಾಸಿಯೆಯನ್ನು ಗಲ್ಲಿಗೇರಿಸಿದರು. ನೆರೆದ ಜನ ನಲವತ್ತು ಸಾವಿರವೆಂದು ಅಂದಾಜು. ಅದರಲ್ಲಿ ಡಿಕನ್ಸ್ ಇದ್ದ, ಥ್ಯಾಕರೆಯೂ ಇದ್ದ. ಆಮೇಲೆ ಥ್ಯಾಕರೆ ಅದೇ ‘ಫ್ರೇಜರ್ಸ್’ನಲ್ಲಿ ಒಂದು ಪ್ರಬಂಧ ಬರೆದ. ಮುಂಜಾನೆಯ ಜನಜಂಗುಳಿ, ಕಿಟಕಿಗಳಲ್ಲಿ ಕೂತ ಮಂದಿ, ತಮಾಷೆಯ ಮಾತುಗಳು ಎಲ್ಲವನ್ನೂ ಅವನ ಎಂದಿನ ಚುರುಕಿನಲ್ಲೇ ವರ್ಣಿಸುತ್ತ ಬಂದವನು, ಅಪರಾಧಿ ಬಾಗಿಲು ದಾಟಿ ಹೊರಬಂದಾಗ ತತ್ತರಿಸುತ್ತಾನೆ. ಕೊನೆಯ ಗಳಿಗೆಯನ್ನು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಎರಡು ವಾರವಾದರೂ ಆ ಮನುಷ್ಯನ ಮುಖ ಕಣ್ಣ ಮುಂದಿನಿಂದ ಹೋಗಿಲ್ಲ, ನೋಡಲು ಹೋದ ತನಗೆ ನಾಚಿಕೆಯಾಗಿದೆ ಎನ್ನುತ್ತಾನೆ. ಕೊಲೆಗಾರರ ಮೇಲೆ ಕನಿಕರ ಬೇಡವೆಂದು ಒಂಬತ್ತು ತಿಂಗಳು ಪಾಠ ಹೇಳಿದ ಮಾಸ್ತರ ಇವನೇ. ಆ ಪ್ರಬಂಧವನ್ನು ಓದಿದ ಮೇಲೆ ಅವನ ಮೇಲಿನ ನನ್ನ ಉಳಿದರ್ಧ ಸಿಟ್ಟೂ ಇಳಿಯಿತು ಎನ್ನಲೇ? ಪೂರ್ತಿ ಇಲ್ಲ. ಗಲ್ಲಿಗೇರಿದ ಗಂಡಸಿಗೆ ಸಿಕ್ಕ ಆ ಮುಚ್ಚಿದ ಕಣ್ಣು ಸುಟ್ಟುಹೋದ ಹೆಂಗಸಿಗೆ ಸಿಕ್ಕಿರಲಿಲ್ಲ. ಅವಳು ಕಾಗದದ ಮೇಲಿದ್ದಳು, ಅವನು ಎದುರಿಗಿದ್ದ ಎಂದಷ್ಟೇ ಸಮಾಧಾನ ಮಾಡಿಕೊಳ್ಳಬೇಕು.

ಅದೇ ವರ್ಷ ಬಾಣಂತಿಯಾಗಿದ್ದ ಅವನ ಹೆಂಡತಿ ಇಸಾಬೆಲ್ಲಾಗೆ ಮನಸ್ಸಿನ ಕಾಯಿಲೆ ಅಂಟಿತು. ಸೆಪ್ಟೆಂಬರಿನಲ್ಲಿ ಐರ್ಲೆಂಡಿಗೆ ಹೋಗುವ ಹಡಗಿನಿಂದ ಅವಳು ಸಮುದ್ರಕ್ಕೆ ಹಾರಿದಳು, ಎತ್ತಿ ಉಳಿಸಿದರು. ಮತ್ತೆ ಅವಳು ಮೊದಲಿನಂತಾಗಲೇ ಇಲ್ಲ. ಆಮೇಲಿನ ಥ್ಯಾಕರೆ ಹೆಂಗಸರ ಬಗ್ಗೆ ಹಾಸ್ಯ ಮಾಡುವಾಗ ದನಿ ಬೇರೆಯಾಯಿತೆಂದು ನನಗನ್ನಿಸುತ್ತದೆ.

‘ಕ್ಯಾಥರೀನ್’ಗೆ ಬಂದ ಅತಿ ಜೋರಿನ ಪ್ರತಿಕ್ರಿಯೆ ಬಂದದ್ದು ಹತ್ತು ವರ್ಷಗಳ ನಂತರ, ಅದೂ ಅದನ್ನು ಓದದವರಿಂದ. 1850ರಲ್ಲಿ ‘ಪೆಂಡೆನಿಸ್’ ಎಂಬ ಅವನ ಕಾದಂಬರಿಯ ಒಂದು ಕಂತಿನಲ್ಲಿ ಕೊಲೆಗಾರರನ್ನು ಹೆಸರಿಸುವಾಗ ಕ್ಯಾಥರೀನ್ ಹೇಸ್ ಎಂದು ಬರೆದ. ಆಗ ಐರ್ಲೆಂಡಿನ ಕಣ್ಮಣಿಯಾಗಿದ್ದ ಒಬ್ಬ ಗಾಯಕಿಯ ಹೆಸರೂ ಕ್ಯಾಥರೀನ್ ಹೇಸ್! ನಮ್ಮ ಕೋಗಿಲೆಯನ್ನು ಕೊಲೆಗಾತಿ ಎಂದನೆಂದು ಐರಿಷ್ ಪತ್ರಿಕೆಗಳು ಕೆಂಡವಾದವು. ಬೈಗುಳದ ಕಾಗದಗಳು ರಾಶಿ ಬಿದ್ದವು. ಅವನಿಗೆ ನಾಲ್ಕು ಬಾರಿಸಿಯೇ ತೀರುತ್ತೇನೆಂದು ಒಬ್ಬ ಐರಿಷ್ ತರುಣ ಲಂಡನ್ನಿಗೆ ಬಂದು ಅವನ ಮನೆಯ ಎದುರಿಗೇ ಬಿಡಾರ ಹೂಡಿದನಂತೆ. ಥ್ಯಾಕರೆ ರಸ್ತೆ ದಾಟಿ ಹೋಗಿ ಅವನ ಬಾಗಿಲು ತಟ್ಟಿ, ಅಪ್ಪಾ, ನಾನು ಹೇಳಿದ್ದು 1726ರಲ್ಲಿ ಸುಟ್ಟುಹೋದವಳ ವಿಷಯ ಎಂದು ತಿಳಿಹೇಳಿ ಬಂದ. ಪತ್ರಿಕೆಯಲ್ಲೂ ಒಂದು ಲೇಖನ ಬರೆದು ವಿವರಣೆ ಕೊಟ್ಟ. ಗಾಯಕಿಯ ಮಾನಕ್ಕಾಗಿ ಒಂದು ದೇಶವೇ ಎದ್ದಿತು. ಇನ್ನೊಬ್ಬಳು ತನ್ನ ಹೆಸರನ್ನು ಕೂಡ ತನಗಾಗಿ ಉಳಿಸಿಕೊಳ್ಳಲಿಲ್ಲ.

ತನ್ನ ಬಿಡಿ ಬರಹಗಳನ್ನು ಒಟ್ಟು ಮಾಡಿ ಸಂಪುಟಗಳನ್ನು ಹೊರತರುವಾಗ ಥ್ಯಾಕರೆ ‘ಕ್ಯಾಥರೀನ್’ನನ್ನು ಸೇರಿಸಲಿಲ್ಲ. ಆದರೆ ಅವಳನ್ನು ಅವನು ಮರೆತನೆಂದು ನಾನು ನಂಬಲಾರೆ. 1847ರಿಂದ ಬರೆದ ‘ವ್ಯಾನಿಟಿ ಫೇರ್’ನ ಬೆಕಿ ಶಾರ್ಪ್ ಬಡವರ ಮನೆಯ ಹುಡುಗಿ, ಚೆಲುವೆ, ಜಾಣೆ, ದೊಡ್ಡವರ ಸಾಲಿನಲ್ಲಿ ಕೂಡುವ ಆಸೆಯವಳು. ಕೊನೆಗೆ ಅವಳ ಜೊತೆಗಿದ್ದ ಹಣವಂತ ಜಾಸ್ ಸೆಡ್ಲಿ ಸಾಯುತ್ತಾನೆ, ವಿಮೆಯ ಹಣದಲ್ಲಿ ಪಾಲು ಬೆಕಿಗೆ ಬರುತ್ತದೆ. ಕೊಂದಳೇ? ಥ್ಯಾಕರೆ ಬಾಯಿ ಬಿಡುವುದಿಲ್ಲ. ಅವನೇ ಬರೆದ ಒಂದು ಚಿತ್ರದಲ್ಲಿ ಬೆಕಿ ಪರದೆಯ ಹಿಂದೆ ನಿಂತಿದ್ದಾಳೆ. ಕೆಳಗೆ, ಗಂಡನನ್ನು ಕೊಂದ ಗ್ರೀಕ್ ರಾಣಿ ಕ್ಲೈಟೆಮ್ನೆಸ್ಟ್ರಾಳ ಹೆಸರಿದೆ. ಅಷ್ಟೇ. ಈ ಸಲ ಕೊಡಲಿಯಿಲ್ಲ, ಕಂ‌ಬವಿಲ್ಲ, ಅಂಟಿಸಿದ ವರದಿಯಿಲ್ಲ.

ಆ ಚಿತ್ರ ನಮ್ಮ ಶಾಲೆಯ ಪ್ರತಿಯಲ್ಲಿಲ್ಲ. ಅದು ಮಕ್ಕಳಿಗೆಂದು ಸಂಕ್ಷೇಪಿಸಿದ್ದು. ಕಿತ್ತೂರಿನ ಪಾಠದಲ್ಲಿ ಎದ್ದು ನಿಂತ ಹುಡುಗಿ ಹತ್ತನೆಯ ತರಗತಿ ಮುಗಿಸುವ ಮೊದಲು ಅದನ್ನು ಓದಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. “ಟೀಚರ್, ಬೆಕಿ ಅಂವನ್ನ ಕೊಂದಿರಬೇಕಂತ ನನಗ ಅನಸ್ತದರೀ. ಆದ್ರೂ ಆಕಿ ಮ್ಯಾಲ ಸಿಟ್ಟ ಬರವೊಲ್ದು. ಹಂಗ್ಯಾಕ್ರಿ?”

ಕಾಲೇಜಿನ ಗ್ರಂಥಾಲಯದಿಂದ ತಂದಿದ್ದ ದೊಡ್ಡ ‘ವ್ಯಾನಿಟಿ ಫೇರ್’ ಮೇಜಿನ ಖಾನೆಯಲ್ಲಿತ್ತು. ತೆಗೆದು ಕೊಟ್ಟೆ. ‘ಕ್ಯಾಥರೀನ್’ ಇದ್ದ ಸಂಪುಟವೂ ಅಲ್ಲೇ ಇತ್ತು. ಒಂದು ಕ್ಷಣ ಯೋಚಿಸಿ, ಅದನ್ನೂ ಕೊಟ್ಟೆ.